ಹಲವು ಗಾಡಿಗಳಿಂದ ಒಂದು ಗಾಡಿ: ಹಾಟ್ ರಾಡ್ ರಚನೆ ಮತ್ತು ಕಾರವಾರ–ಅಂಕೋಲೆಗಳ ಮೋಟಾರು ಚರಿತ್ರೆ

೧. ಪ್ರಸ್ತಾವನೆ

ಒಂದು ದೇವಾಲಯದ ವಾಸ್ತುವನ್ನು ಪರಿಶೀಲಿಸುವಾಗ ಅದರ ಅಧಿಷ್ಠಾನ ಒಂದು ಕಾಲದ್ದು, ಕಂಬಗಳು ಇನ್ನೊಂದು ಕಾಲದವು, ಶಿಖರ ಮತ್ತೂ ಈಚಿನದು ಎಂದು ನಾವು ಹಿಂಜರಿಯದೆ ಹೇಳುತ್ತೇವೆ. ಶಾಸನವನ್ನು ಓದುವಾಗಲೂ ಮೂಲದ ಸಾಲುಗಳನ್ನೂ ಮುಂದೆ ಸೇರಿದ ಸಾಲುಗಳನ್ನೂ ಬೇರೆಬೇರೆಯಾಗಿ ಗುರುತಿಸುವುದು ನಮ್ಮ ಸಂಶೋಧನೆಯಲ್ಲಿ ರೂಢವಾದ ಕ್ರಮ. ಆದರೆ ಇಪ್ಪತ್ತನೆಯ ಶತಮಾನದ ಜನಜೀವನವನ್ನು ಬುಡದಿಂದ ಮಾರ್ಪಡಿಸಿದ ಮೋಟಾರು ಗಾಡಿಯನ್ನು ಈ ದೃಷ್ಟಿಯಿಂದ ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಗಾಡಿಯೆಂದರೆ ಕಾರಖಾನೆಯಿಂದ ಹೊರಬಿದ್ದ ದಿನವೇ ಪೂರ್ಣಗೊಂಡ ವಸ್ತು, ಆಮೇಲಿನದೆಲ್ಲ ಸವೆತ ಹಾಗೂ ದುರಸ್ತಿ ಎಂಬ ಭಾವನೆಯೇ ಪ್ರಬಲವಾಗಿದೆ.

ಈ ಭಾವನೆಗೆ ನೇರ ವಿರುದ್ಧವಾಗಿ ನಿಲ್ಲುವ ಒಂದು ವಾಹನವರ್ಗವುಂಟು. ಹಳೆಯ ಗಾಡಿಯೊಂದರ ಚೌಕಟ್ಟನ್ನೋ ಕವಚವನ್ನೋ ತೆಗೆದುಕೊಂಡು, ಅದಕ್ಕೆ ಇನ್ನೊಂದು ಗಾಡಿಯ ಎಂಜಿನು, ಮತ್ತೊಂದರ ಬ್ರೇಕು, ಪಂದ್ಯದ ಗಾಡಿಗಳಿಗಾಗಿ ತಯಾರಾದ ಚಕ್ರ ಮತ್ತು ಅಚ್ಚುಗಳನ್ನು ಜೋಡಿಸಿ ಕಟ್ಟಿದ ಈ ವಾಹನಕ್ಕೆ ಅಮೆರಿಕದಲ್ಲಿ 'ಹಾಟ್ ರಾಡ್' ಎಂಬ ಹೆಸರು ನೆಲೆಗೊಂಡಿದೆ. ಅದರ ತವರು ಕ್ಯಾಲಿಫೋರ್ನಿಯ. ಆದರೆ ಹಲವು ಗಾಡಿಗಳಿಂದ ಒಂದು ಗಾಡಿಯನ್ನು ಕಟ್ಟುವ ಕೌಶಲ ಆ ನಾಡಿಗಷ್ಟೇ ಸೀಮಿತವಾದುದಲ್ಲ. ಕಾರವಾರ, ಅಂಕೋಲೆಗಳಂಥ ನಮ್ಮ ಕರಾವಳಿಯ ಊರುಗಳ ಸಾರಿಗೆಯೂ ಬಹುಕಾಲ ಇಂಥದೇ ಕೌಶಲವನ್ನು ನಂಬಿ ನಡೆಯಿತು. ಎರಡು ಪರಂಪರೆಗಳ ಸಾಮ್ಯವೇನು, ಭೇದವೇನು, ಇಂಥ ವಾಹನವನ್ನು ಇತಿಹಾಸದ ಆಧಾರವೆಂದು ಪರಿಗಣಿಸುವುದು ಏಕೆ ಅವಶ್ಯ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

೨. ಹಾಟ್ ರಾಡಿನ ಉಗಮ

ಹೆನ್ರಿ ಫೋರ್ಡನ 'ಮಾಡೆಲ್ ಟಿ' ಗಾಡಿ ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಾಯಿತು. ಅದರ ಎಂಜಿನಿನ ಶಕ್ತಿ ಸುಮಾರು ೨೦ ಅಶ್ವಶಕ್ತಿ ಮಾತ್ರ. ಗಾಡಿ ಅಗ್ಗವಾಗಿ ಎಲ್ಲೆಡೆಯೂ ದೊರೆಯುತ್ತಿದ್ದುದರಿಂದ ಅದನ್ನು ಬಿಚ್ಚಿ ನೋಡುವ ಧೈರ್ಯ ಸಾಮಾನ್ಯ ತರುಣರಿಗೂ ಬಂದಿತು. ಷೆವ್ರೊಲೆ ಸೋದರರು ೧೯೨೦ರ ದಶಕದಲ್ಲಿ ಈ ಎಂಜಿನಿಗೆಂದೇ 'ಫ್ರಾಂಟೆನಾಕ್' ಎಂಬ ಹೆಸರಿನ ಸಿಲಿಂಡರು ತಲೆಗಳನ್ನು ತಯಾರಿಸಿ ಮಾರಿದರು. ಪಂದ್ಯದ ಕಣದಲ್ಲಿ ಹುಟ್ಟಿದ ಭಾಗ ಬೀದಿಯ ಗಾಡಿಗೆ ಸೇರುವ ಪರಿಪಾಠ ಹೀಗೆ ಬಹು ಮೊದಲೇ ಆರಂಭವಾಯಿತೆಂಬುದು ಗಮನಾರ್ಹ.

೧೯೩೨ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ 'ವಿ-೮' ಎಂಜಿನನ್ನು ಜನಸಾಮಾನ್ಯರ ಬೆಲೆಗೆ ಒದಗಿಸಿತು. ೨೨೧ ಘನ ಅಂಗುಲ ಗಾತ್ರದ ಆ ಎಂಜಿನು ಮೊದಲ ವರ್ಷ ೬೫ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಗಾಡಿಯ ಬೆಲೆ ಐದುನೂರು ಡಾಲರಿನ ಒಳಗೇ ಇದ್ದಿತು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಹಳೆಯ ಗಾಡಿಗಳ ಮಡ್ಗಾರ್ಡು, ಮುಸುಕು, ದೀಪಗಳನ್ನು ಕಿತ್ತೆಸೆದು ಭಾರ ಇಳಿಸಿದರು. ಕಾರ್ಬ್ಯುರೇಟರುಗಳ ಸಂಖ್ಯೆ ಹೆಚ್ಚಿಸಿದರು. ಮುರಾಕ್ ಮೊದಲಾದ ಒಣಕೆರೆಗಳ ಸಮತಟ್ಟಾದ ನೆಲದ ಮೇಲೆ ಓಡಿಸಿ ವೇಗವನ್ನು ಅಳೆದರು. ೧೯೩೭ರಲ್ಲಿ ಅವರ ಕೂಟಗಳೆಲ್ಲ ಸೇರಿ ಒಂದು ಸಂಘವಾದವು. ೧೯೩೯ರಲ್ಲಿ ಫೋರ್ಡ್ ಗಾಡಿಗಳಿಗೆ ದ್ರವಚಾಲಿತ ಬ್ರೇಕುಗಳು ಬಂದ ಮೇಲೆ, ೧೯೩೨ರ ಚೌಕಟ್ಟಿಗೆ ೧೯೩೯ರ ಬ್ರೇಕನ್ನು ಜೋಡಿಸುವುದು ಒಂದು ಪದ್ಧತಿಯೇ ಆಯಿತು. ಒಂದೇ ಗಾಡಿಯಲ್ಲಿ ಹಲವು ಕಾಲಗಳು ಹೀಗೆ ನೆಲೆಸಿದವು.

ಎರಡನೆಯ ಮಹಾಯುದ್ಧವು ಈ ಕಲೆಗೆ ಅನಿರೀಕ್ಷಿತವಾದ ಸಾಮಗ್ರಿಯನ್ನು ಒದಗಿಸಿತು. ೧೯೪೬ರಲ್ಲಿ ಬಿಲ್ ಬರ್ಕ್ ಎಂಬವನು ಯುದ್ಧವಿಮಾನದ ಹೊಟ್ಟೆಯಡಿ ತೂಗುವ ಇಂಧನದ ತೊಟ್ಟಿಯನ್ನೇ ಗಾಡಿಯ ಕವಚವಾಗಿ ಬಳಸಿದನು. ಗಾಳಿಯನ್ನು ಸೀಳುವಂತೆ ರೂಪಿಸಿದ ಆ ತೊಟ್ಟಿ ಯುದ್ಧ ಮುಗಿದೊಡನೆ ಗುಜರಿಯ ಸರಕಾಗಿದ್ದಿತು. ೧೯೪೮ರ ಜನವರಿಯಲ್ಲಿ 'ಹಾಟ್ ರಾಡ್' ಪತ್ರಿಕೆ ಹೊರಟಿತು. ೧೯೪೯ರಲ್ಲಿ ಬಾನೆವಿಲ್ಲಿನ ಉಪ್ಪುಬಯಲಿನಲ್ಲಿ ವೇಗಸಪ್ತಾಹ ನಡೆಯಿತು. ೧೯೫೧ರಲ್ಲಿ ವಾಲಿ ಪಾರ್ಕ್ಸನು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿ ಸುರಕ್ಷತೆಯ ನಿಯಮಗಳನ್ನು ರೂಢಿಗೆ ತಂದನು.

ದಕ್ಷಿಣ ಭಾರತವೂ ಪಂದ್ಯದ ಗಾಡಿಗಳಿಗೆ ಅಪರಿಚಿತವಲ್ಲ. ಮದರಾಸಿನ ಬಳಿಯ ಶೋಲಾವರದಲ್ಲಿ ಯುದ್ಧಕಾಲದ ವಿಮಾನದಾರಿಯೇ ಪಂದ್ಯದ ಕಣವಾಯಿತು; ಅಲ್ಲಿನ ಮೋಟಾರು ಕ್ರೀಡೆಯ ಸಂಘವು ೧೯೫೩ರಲ್ಲಿ ಸ್ಥಾಪಿತವಾಯಿತು. ಕೊಯಮತ್ತೂರಿನ ಕರಿವರ್ಧನರು ೧೯೮೦ರ ದಶಕದಲ್ಲಿ ಸಾಧಾರಣ ಮಾರುತಿ ಕಾರಿನ ಎಂಜಿನನ್ನೇ ಬಳಸಿ ಒಂಟಿ ಆಸನದ ಪಂದ್ಯದ ಗಾಡಿಗಳನ್ನು ನಿರ್ಮಿಸಿದರು. ಇಲ್ಲೆಲ್ಲ ಜೋಡಣೆಯ ಗುರಿ ವೇಗವೇ ಆಗಿದ್ದಿತು. ಅದೇ ಕೌಶಲಕ್ಕೆ ಬೇರೊಂದು ಗುರಿಯಿದ್ದ ಪ್ರದೇಶವನ್ನು ಇನ್ನು ನೋಡಬೇಕು.

೩. ನಾಲ್ಕು ನದಿ, ಒಂದು ಘಟ್ಟ

೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಅಭಾವ ತಲೆದೋರಿದಾಗ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಬೇಕೆಂಬ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಒತ್ತಾಯವೂ ಈ ಬದಲಾವಣೆಯ ಹಿಂದೆ ಇದ್ದಿತು. ಆದುದರಿಂದ ಈ ಪ್ರದೇಶದ ಮುಖ ಮುಂಬಯಿಯ ಕಡೆಗೆ ತಿರುಗಿತು. ಮೋಟಾರಿನ ಯುಗದಲ್ಲಿಯೂ ಅದು ಹಾಗೆಯೇ ಉಳಿಯಿತು. ಫೋರ್ಡ್ ಕಂಪನಿಯ ಭಾರತೀಯ ಶಾಖೆ ೧೯೨೬ರಲ್ಲಿ ಹುಟ್ಟಿತು. ಜನರಲ್ ಮೋಟರ್ಸ್ ಕಂಪನಿಯು ೧೯೨೮ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರಖಾನೆಯನ್ನು ತೆರೆಯಿತು. ಬಸ್ಸು, ಲಾರಿಗಳ ಮಟ್ಟಿಗೆ ಅಂದು ಕೊಳ್ಳುವವನ ಕೈಗೆ ಬರುತ್ತಿದ್ದುದು ಚಾಸಿಸು, ಎಂಜಿನು, ಚಕ್ರಗಳಷ್ಟೆ. ಮೇಲಿನ ಕವಚವನ್ನು ಕಟ್ಟುವವರು ಬಡಿಗರು ಮತ್ತು ಕಮ್ಮಾರರು. ಆದ್ದರಿಂದ ನಮ್ಮ ಬಸ್ಸು ಹುಟ್ಟಿನಿಂದಲೇ ಮಿಶ್ರಕೃತಿ: ಉಕ್ಕು ಅಮೆರಿಕದ್ದು, ಮರ ಇಲ್ಲಿನ ಕಾಡಿನದು.

ಈ ಗಾಡಿಗಳು ಓಡಬೇಕಾಗಿದ್ದ ದಾರಿಯ ಸ್ವರೂಪವನ್ನು ಮರೆತರೆ ಅವುಗಳ ರಚನೆ ತಿಳಿಯದು. ಕರಾವಳಿಯ ಗುಂಟ ದಕ್ಷಿಣಕ್ಕೆ ಹೊರಟರೆ ಕಾರವಾರದಲ್ಲಿ ಕಾಳಿ, ಅಂಕೋಲೆ ತಾಲೂಕಿನಲ್ಲಿ ಗಂಗಾವಳಿ, ಕುಮಟೆಯ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಹೀಗೆ ನಾಲ್ಕು ನದಿಗಳು ಅಡ್ಡಬರುತ್ತವೆ. ಸೇತುವೆಗಳಾಗುವವರೆಗೆ ಗಾಡಿಗಳು ಜಂಗಲಿನ ಮೇಲೆ ದಾಟಬೇಕಾಗಿತ್ತು. ಜೋಡಿ ದೋಣಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ಜಂಗಲು ಸಹ ಬಿಡಿವಸ್ತುಗಳನ್ನು ಕೂಡಿಸಿ ಮಾಡಿದ ವಾಹನವೇ ಎಂಬುದು ಇಲ್ಲಿ ಸ್ಮರಣೀಯ. ಪೂರ್ವಕ್ಕೆ, ಅಂಕೋಲೆಯಿಂದ ಯಲ್ಲಾಪುರ, ಹುಬ್ಬಳ್ಳಿಗಳ ಕಡೆಗೆ ಹೊರಟರೆ ಅರಬೈಲು ಘಟ್ಟ ಎದುರಾಗುತ್ತದೆ. ಕೊಂಕಣ ರೈಲುಮಾರ್ಗವು ೧೯೯೮ರ ಜನವರಿಯಲ್ಲಿ ಪೂರ್ಣವಾಗಿ ತೆರೆಯುವವರೆಗೆ ಈ ಕರಾವಳಿಗೆ ಉದ್ದಕ್ಕೂ ಓಡುವ ರೈಲು ಇರಲಿಲ್ಲ. ಜನರೂ ಸರಕೂ ಸಾಗಲು ಇದ್ದ ಆಶ್ರಯ ಸಮುದ್ರ ಮತ್ತು ರಸ್ತೆ ಮಾತ್ರ. ಗಾಡಿಯೊಂದು ನಿಂತರೆ ಅದರ ಸ್ಥಾನದಲ್ಲಿ ಬೇರೊಂದನ್ನು ತರಿಸುವುದು ಸುಲಭವಾಗಿರಲಿಲ್ಲ. ಕಾಳಿಯ ಹಳೆಯ ಸೇತುವೆಯು ೨೦೨೪ರ ಆಗಸ್ಟ್ ೭ರಂದು ಕುಸಿದುಬಿದ್ದಾಗ, ಈ ನೆಲದಲ್ಲಿ ಸಂಚಾರವು ಎಷ್ಟು ಸೂಕ್ಷ್ಮವಾದ ಎಳೆಯ ಮೇಲೆ ನಿಂತಿದೆಯೆಂಬುದು ಈ ತಲೆಮಾರಿಗೂ ಮನವರಿಕೆಯಾಯಿತು.

೪. ಇದ್ದಿಲಿನ ಬಸ್ಸು ಮತ್ತು ಯುದ್ಧದ ಗುಜರಿ

ಎರಡನೆಯ ಮಹಾಯುದ್ಧದ ಕಾಲಕ್ಕೆ, ೧೯೪೧ರಿಂದ, ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಒಲೆಯನ್ನು ಜೋಡಿಸಿ, ಅದರಿಂದ ಬರುವ ಅನಿಲದಿಂದಲೇ ಎಂಜಿನನ್ನು ನಡೆಸುವ ಪದ್ಧತಿ ಕನ್ನಡನಾಡಿನಲ್ಲೆಲ್ಲ ಬಳಕೆಗೆ ಬಂದಿತು. ಒಲೆಗೆ ಬೇಕಾದಷ್ಟು ಗಾಳಿಯನ್ನು ಕೊಡದೆ ಇದ್ದಿಲನ್ನು ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದನ್ನು ತಂಪುಗೊಳಿಸಿ, ಬೂದಿಯನ್ನು ಸೋಸಿ, ಗಾಳಿಯೊಡನೆ ಬೆರೆಸಿ ಸಿಲಿಂಡರಿಗೆ ಬಿಡಬೇಕು. ಈ ಅನಿಲದಲ್ಲಿ ಉರಿಯದ ಸಾರಜನಕವೇ ಅಧಿಕವಾದುದರಿಂದ ಎಂಜಿನಿನ ಶಕ್ತಿ ಬಹುವಾಗಿ ಕುಗ್ಗುತ್ತಿತ್ತು. ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯುತ್ತಿದ್ದುದು, ಅನೇಕ ವೇಳೆ ನೂಕುತ್ತಿದ್ದುದು ಆ ಕಾಲವನ್ನು ಕಂಡವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ.

ಕ್ಯಾಲಿಫೋರ್ನಿಯದ ತರುಣರು ಎಂಜಿನಿನ ಉಸಿರಾಟವನ್ನು ಹಿಗ್ಗಿಸಲು ಕಾರ್ಬ್ಯುರೇಟರುಗಳನ್ನು ಹೆಚ್ಚಿಸಿದ್ದನ್ನು ಮೇಲೆ ಹೇಳಿದೆವು. ಇಲ್ಲಿಯ ಮಿಸ್ತ್ರಿಯೂ ಅದೇ ಸ್ಥಾನದಲ್ಲಿ ಕೈಯಾಡಿಸಿದನು. ಅವನ ಗುರಿ ಬೇರೆಯಾಗಿದ್ದಿತು: ಇರುವ ಎಂಜಿನು ಇಲ್ಲದ ಇಂಧನಕ್ಕೆ ಬದಲಾಗಿ ಬೇರೊಂದನ್ನು ಸಹಿಸಬೇಕು, ಬಸ್ಸು ಸಂಜೆಯೊಳಗೆ ಊರು ಮುಟ್ಟಬೇಕು.

ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಜೀಪು, ಡಾಜ್, ಷೆವ್ರೊಲೆ, ಫೋರ್ಡ್ ಲಾರಿಗಳನ್ನು ಸರಕಾರವು ವಿಲೇವಾರಿ ಮಾಡಿತು. ಸೈನ್ಯದ ಲಾರಿಯ ಚಾಸಿಸಿನ ಮೇಲೆ ಮರದ ಕವಚ ಕಟ್ಟಿ ಬಸ್ಸು ಮಾಡುವುದು, ಎರಡು ಕೆಟ್ಟ ಜೀಪುಗಳಿಂದ ಒಂದು ಓಡುವ ಜೀಪನ್ನು ತೆಗೆಯುವುದು ದೇಶದ ಎಲ್ಲ ಕಡೆಗಳಲ್ಲಿಯೂ ಸಾಮಾನ್ಯವಾಯಿತು. ಒಂದೇ ಯುದ್ಧದ ಉಳಿಕೆ ಅಮೆರಿಕದ ಉಪ್ಪುಬಯಲಿನ ಕಡೆಗೂ ನಮ್ಮ ಘಟ್ಟದ ಕಡೆಗೂ ಹರಿಯಿತು. ಅಲ್ಲಿ ವಿಮಾನದ ತೊಟ್ಟಿ ವೇಗದ ವಾಹನವಾಯಿತು. ಇಲ್ಲಿ ಸೈನ್ಯದ ಲಾರಿ ಸಂತೆಗೆ ಹೋಗುವವರ ವಾಹನವಾಯಿತು. ಎರಡು ಪರಂಪರೆಗಳು ಅತ್ಯಂತ ಸಮೀಪಕ್ಕೆ ಬಂದುದು ಈ ಕೆಲವು ವರ್ಷಗಳಲ್ಲಿ ಎಂಬುದು ನಮ್ಮ ಅಭಿಪ್ರಾಯ.

೫. ಅಭಾವದ ದಶಕಗಳು

ಸ್ವಾತಂತ್ರ್ಯಾನಂತರ ಭಾರತ ಸರಕಾರವು ಸ್ವದೇಶೀ ಮೋಟಾರು ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ಕೇವಲ ಜೋಡಣೆ ಮಾಡುತ್ತಿದ್ದ ವಿದೇಶೀ ಕಂಪನಿಗಳು ೧೯೫೦ರ ದಶಕದ ಮಧ್ಯದ ಹೊತ್ತಿಗೆ ಇಲ್ಲಿಂದ ಹೊರಟವು. ೧೯೫೪ರಲ್ಲಿ ಟಾಟಾ ಸಂಸ್ಥೆಯು ಮರ್ಸಿಡಿಸ್-ಬೆಂಜ್ ಸಹಯೋಗದಿಂದ ಲಾರಿಗಳನ್ನು ತಯಾರಿಸತೊಡಗಿತು. ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಬಂದಿತು. ಈ ನೀತಿಯ ಒಳಿತನ್ನು ಅರ್ಥಶಾಸ್ತ್ರಜ್ಞರು ಚರ್ಚಿಸಿದ್ದಾರೆ. ಅದರ ಇನ್ನೊಂದು ಪರಿಣಾಮ ಮಿಸ್ತ್ರಿಯ ಕೊಟ್ಟಿಗೆಯಲ್ಲಿ ಕಂಡುಬಂದಿತು. ರಸ್ತೆಯ ಮೇಲೆ ಓಡುತ್ತಿದ್ದ ಷೆವ್ರೊಲೆ, ಫೋರ್ಡ್ ಗಾಡಿಗಳಿಗೆ ಮೂಲದ ಬಿಡಿಭಾಗಗಳು ದುರ್ಲಭವಾದವು. ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಆದ್ದರಿಂದ ಒಂದು ಗಾಡಿ ಸತ್ತರೆ ಅದು ಹತ್ತು ಗಾಡಿಗಳಿಗೆ ಉಗ್ರಾಣವಾಯಿತು.

ಈ ಅವಧಿಯ ಪ್ರಮುಖ ರೂಪಾಂತರವೆಂದರೆ ಪೆಟ್ರೋಲು ಗಾಡಿಗೆ ಡೀಸೆಲ್ ಎಂಜಿನನ್ನು ಕೂಡಿಸುವುದು. ಅಮೆರಿಕದ ಲಾರಿಗಳಿಗೆ ಪರ್ಕಿನ್ಸ್ ಎಂಜಿನೂ, ಮುಂದಿನ ದಶಕಗಳಲ್ಲಿ ಜೀಪಿಗೆ ಮೆಟಡಾರ್ ಗಾಡಿಯ ಎಂಜಿನೂ ಸೇರಿದುದು ಸರ್ವವಿದಿತ. ಹೊರಗಿನಿಂದ ನೋಡುವವರಿಗೆ ಇದು ಒಂದನ್ನು ತೆಗೆದು ಇನ್ನೊಂದನ್ನು ಇಟ್ಟಂತೆ ತೋರಬಹುದು. ಕೆಲಸ ಅಷ್ಟು ಸರಳವಲ್ಲ. ಎಂಜಿನಿನ ಹಿಂಬದಿಯ ತೂತುಗಳಿಗೂ ಗೇರುಪೆಟ್ಟಿಗೆಯ ತೂತುಗಳಿಗೂ ಹೊಂದಿಕೆಯಿರುವುದಿಲ್ಲ. ನಡುವೆ ದಪ್ಪನಾದ ಉಕ್ಕಿನ ತಗಡನ್ನು ಕೊರೆದು ಕೂಡಿಸಬೇಕು. ಎರಡು ಅಚ್ಚುಗಳ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗುಗಳು ಬೇಗನೆ ಸವೆಯುತ್ತವೆ. ಡೀಸೆಲ್ ಎಂಜಿನು ಹೆಚ್ಚು ಭಾರವಾದುದರಿಂದ ಮುಂದಿನ ಪಟ್ಟೆಸ್ಪ್ರಿಂಗುಗಳಿಗೆ ಇನ್ನೊಂದು ಪಟ್ಟೆ ಸೇರಿಸಬೇಕು. ಅದು ನಿಧಾನವಾಗಿ ತಿರುಗುವುದರಿಂದ ಗೇರುಗಳ ಪ್ರಮಾಣವನ್ನು ಮತ್ತೆ ಲೆಕ್ಕ ಹಾಕಬೇಕು. ಚಾಲಕಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ದಂಡವನ್ನು ಕತ್ತರಿಸಿ ಅಥವಾ ಬೆಸೆದು ಉದ್ದ ಸರಿಪಡಿಸಬೇಕು. ಹಾಟ್ ರಾಡ್ ಕಟ್ಟುವವನ ಎದುರಿಗಿರುವ ಸಮಸ್ಯೆಗಳೂ ಇವೇ. ಅವನು ಉತ್ತರವನ್ನು ಗಂಟೆಗೆ ಎಷ್ಟು ಮೈಲಿ ಎಂಬುದರಲ್ಲಿ ಅಳೆಯುತ್ತಾನೆ. ಅರಬೈಲು ಹತ್ತುವ ಗಾಡಿಯ ಮಿಸ್ತ್ರಿ ಅದನ್ನು ಎಷ್ಟು ಭಾರ, ಎಷ್ಟು ಏರು ಎಂಬುದರಲ್ಲಿ ಅಳೆಯುತ್ತಾನೆ.

ಇದೇ ವಿದ್ಯೆ ನೀರಿಗೂ ಇಳಿಯಿತು. ೧೯೬೦ರ ದಶಕದಲ್ಲಿ ಭಾರತ–ನಾರ್ವೆ ಮೀನುಗಾರಿಕಾ ಯೋಜನೆಯ ಚಟುವಟಿಕೆ ಕಾರವಾರಕ್ಕೂ ವಿಸ್ತರಿಸಿ, ಯಾಂತ್ರಿಕ ದೋಣಿಗಳು ಪ್ರಚಾರಕ್ಕೆ ಬಂದವು. ಕಾಲಕ್ರಮೇಣ ಲೇಲ್ಯಾಂಡ್ ಲಾರಿಯ ಮಾದರಿಯ ಎಂಜಿನುಗಳು ಪಶ್ಚಿಮ ಕರಾವಳಿಯ ಟ್ರಾಲರುಗಳ ಹೊಟ್ಟೆಯಲ್ಲಿ ಪರಿಚಿತವಾದವು. ಓಡುವ ಗಾಡಿಗೆ ಎದುರುಗಾಳಿ ತಂಪು ಕೊಡುತ್ತದೆ. ದೋಣಿಯ ಮುಚ್ಚಿದ ಕೋಣೆಯಲ್ಲಿ ಅದಿಲ್ಲ. ಆದ್ದರಿಂದ ರೇಡಿಯೇಟರನ್ನು ಬಿಟ್ಟು ಸಮುದ್ರದ ನೀರಿನಿಂದ ಎಂಜಿನಿನ ನೀರನ್ನು ತಣಿಸುವ ವ್ಯವಸ್ಥೆಯನ್ನೂ, ಹಿಂದು ಮುಂದು ಎರಡೂ ಕಡೆಗೆ ಸಮಬಲದಿಂದ ತಿರುಗಿಸುವ ಗೇರನ್ನೂ ಒದಗಿಸಬೇಕಾಯಿತು. ನೆಲದ ಎಂಜಿನು ಹೀಗೆ ಕಡಲಿನದಾಯಿತು.

ಗಡಿಯ ಆಚೆಗಿನ ಗೋವೆಯನ್ನೂ ಇಲ್ಲಿ ನೆನೆಯಬೇಕು. ೧೯೬೧ರ ಡಿಸೆಂಬರದವರೆಗೆ ಪೋರ್ತುಗೀಜರ ಆಳಿಕೆಯಲ್ಲಿದ್ದ ಆ ನಾಡಿಗೆ ವಿದೇಶೀ ಕಾರುಗಳು ಮುಕ್ತವಾಗಿ ಬರುತ್ತಿದ್ದವು. ಮರ್ಸಿಡಿಸ್ ಕಾರುಗಳು ಅಲ್ಲಿ ಬಾಡಿಗೆಗೆ ಓಡುತ್ತಿದ್ದವು. ಕಾರವಾರದಿಂದ ಕೆಲವೇ ಮೈಲಿಗಳ ಅಂತರದಲ್ಲಿ ಸಮೃದ್ಧಿಯೂ ಅಭಾವವೂ ಒಂದು ಗಡಿಯ ಎರಡು ಬದಿಗೆ ನಿಂತಿದ್ದವು. ಗಾಡಿಯ ಆಯುಷ್ಯವನ್ನು ಲೋಹಕ್ಕಿಂತ ಹೆಚ್ಚಾಗಿ ರಾಜಕೀಯ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗದು.

೬. ಕಾಯಿದೆಯ ದೃಷ್ಟಿ

ಹೀಗೆ ಕಟ್ಟಿದ ಗಾಡಿ ಯಾವುದು ಎಂಬ ಪ್ರಶ್ನೆ ಈಗ ಏಳುತ್ತದೆ. ಗೋಕರ್ಣದ ಮಹಾರಥದಂಥ ತೇರಿನಲ್ಲಿ ಗಾಲಿಯೋ ತೊಲೆಯೋ ಕೆಟ್ಟಾಗ ಹೊಸದನ್ನು ಕೂಡಿಸುತ್ತಾರೆ. ತೇರು ಮಾತ್ರ ಅದೇ ತೇರು ಎಂದು ಊರು ಒಪ್ಪುತ್ತದೆ. ಮೋಟಾರು ಗಾಡಿಯ ವಿಷಯದಲ್ಲಿ ಈ ಒಪ್ಪಿಗೆಯನ್ನು ಕೊಡುವುದು ಊರಲ್ಲ, ಕಾಯಿದೆ. ಅದರ ಆಧಾರ ಚಾಸಿಸಿನ ಮೇಲೆ ಕೊರೆದ ಸಂಖ್ಯೆ.

೧೯೩೯ರ ಮೋಟಾರು ವಾಹನ ಕಾಯಿದೆಯು ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ಗಾಡಿಯನ್ನು ಮಾರ್ಪಡಿಸಲು ಅವಕಾಶ ಕೊಟ್ಟಿತ್ತು. ೧೯೮೮ರ ಕಾಯಿದೆಯ ೫೨ನೆಯ ಕಲಮನ್ನು ೨೦೦೦ದಲ್ಲಿ ತಿದ್ದಿದ ಮೇಲೆ, ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಟು ನಿಷಿದ್ಧವಾಯಿತು. ಅದೇ ಮಾದರಿಯ ಎಂಜಿನನ್ನು ಬದಲಿಸುವುದು, ಇಂಧನವನ್ನು ಬದಲಿಸುವುದು ಮೊದಲಾದ ಕೆಲವಕ್ಕೆ ಮಾತ್ರ ಅನುಮತಿಯುಂಟು. ೨೦೧೯ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಈ ಅರ್ಥವನ್ನೇ ಎತ್ತಿಹಿಡಿಯಿತು. ೨೦೨೧ರಲ್ಲಿ ಪ್ರಾಚೀನ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ಬಂದಿತು. ಐವತ್ತು ವರ್ಷ ಮೀರಿದ ಗಾಡಿಗೆ ಆ ಮನ್ನಣೆ ಸಿಗಬೇಕಾದರೆ ಅದು ಮೂಲರೂಪದಲ್ಲಿಯೇ ಇರಬೇಕು. ಚಾಸಿಸು, ಕವಚ, ಎಂಜಿನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು.

ಈ ನಿಯಮಗಳಿಗೆ ಯುಕ್ತವಾದ ಕಾರಣಗಳಿವೆ. ಹೊಸ ಎಂಜಿನಿನ ವೇಗವನ್ನು ಹಳೆಯ ಬ್ರೇಕು ತಡೆಯಲಾರದು. ಜೋಡಿಸಿದ ಬೆಸುಗೆ ಘಟ್ಟದ ಇಳಿಜಾರಿನಲ್ಲಿ ಬಿಟ್ಟರೆ ಹೋಗುವುದು ಪ್ರಾಣ. ಮಿಸ್ತ್ರಿಯ ಜಾಣ್ಮೆಯನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಲಾಗದು. ಆದರೆ ಇತಿಹಾಸದ ದೃಷ್ಟಿಯಿಂದ ಇವುಗಳ ಒಟ್ಟು ಫಲವನ್ನು ಗಮನಿಸಬೇಕು: ಮಿಶ್ರವಾಗಿ ಕಟ್ಟಿದ ಗಾಡಿಯು ಇಂದಿನ ರಸ್ತೆಗೆ ಅಕ್ರಮ, ಪ್ರಾಚೀನ ವಾಹನದ ಪಟ್ಟಿಗೆ ಅನರ್ಹ. ೨೦೨೩ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದೂ ನಿಂತಿದೆ. ಅದಕ್ಕೆ ಉಳಿದಿರುವ ನೆಲೆ ಗುಜರಿ ಒಂದೇ.

ಅನ್ಯ ದೇಶಗಳು ನಡುವಣ ದಾರಿಯನ್ನು ಕಂಡುಕೊಂಡಿವೆ. ಬ್ರಿಟನ್ನಿನಲ್ಲಿ ೧೯೮೩ರಿಂದ, ಹಳೆಯ ಭಾಗಗಳಿಂದ ಕಟ್ಟಿದ, ವಯಸ್ಸು ಇಷ್ಟೇ ಎಂದು ಹೇಳಲಾಗದ ವಾಹನಗಳಿಗೆ 'ಕ್ಯೂ' ಅಕ್ಷರದ ನೋಂದಣಿ ದೊರೆಯುತ್ತದೆ. ಕ್ಯಾಲಿಫೋರ್ನಿಯದಲ್ಲಿ ವಿಶೇಷವಾಗಿ ಕಟ್ಟಿದ ವಾಹನಗಳಿಗಾಗಿ ವರ್ಷಕ್ಕೆ ೫೦೦ ಸ್ಥಾನಗಳನ್ನು ಕಾದಿರಿಸುವ ಕಾನೂನು ಬಂದಿತು. ಮೂಲರೂಪದ ಸಿರಿವಂತ ಕಾರುಗಳಿಗೆ ಮೀಸಲಾಗಿದ್ದ ಪೆಬಲ್ ಬೀಚ್ ಪ್ರದರ್ಶನವು ೧೯೯೭ರಲ್ಲಿ ಹಾಟ್ ರಾಡುಗಳಿಗೂ ಒಂದು ವಿಭಾಗವನ್ನು ತೆರೆಯಿತು. ಗುಜರಿಯಿಂದ ಹುಟ್ಟಿದ ವಾಹನ ಐವತ್ತು ವರ್ಷಗಳಲ್ಲಿ ಪರಂಪರೆಯ ಮನ್ನಣೆ ಪಡೆಯಿತು.

೭. ಉಪಸಂಹಾರ

ನಮ್ಮಲ್ಲಿಯೂ ಹಳೆಯ ಮೋಟಾರುಗಳ ಸಂಗ್ರಹಗಳಿಲ್ಲದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳು ಸುಪ್ರಸಿದ್ಧವಾಗಿವೆ. ಇಂಥ ಸಂಗ್ರಹಗಳಿಗೆ ಸಹಜವಾಗಿ ಬರುವುದು ಅಂದಗೆಡದೆ ಉಳಿದ ಗಾಡಿಗಳು. ದುಡಿದು ದುಡಿದು ಮೂರು ಸಲ ಎಂಜಿನು, ಎರಡು ಸಲ ಕವಚ ಬದಲಿಸಿದ ಲಾರಿಗೆ ಅಲ್ಲಿ ಸ್ಥಳವಿಲ್ಲ. ಆದರೆ ಕಾರವಾರ–ಅಂಕೋಲೆಗಳ ಇಪ್ಪತ್ತನೆಯ ಶತಮಾನವನ್ನು ಹೊತ್ತು ಸಾಗಿಸಿದುದು ಎರಡನೆಯ ಬಗೆಯ ಗಾಡಿಯೇ. ಅದರ ಒಂದೊಂದು ಭಾಗದಲ್ಲಿ ಯುದ್ಧ, ಪಡಿತರ, ಆಮದಿನ ನಿರ್ಬಂಧ, ಡೀಸೆಲಿನ ಅಗ್ಗದ ಬೆಲೆ, ಮುಂಬಯಿಯಿಂದ ಮೈಸೂರಿಗೆ ೧೯೫೬ರಲ್ಲಾದ ವರ್ಗಾವಣೆ ಎಲ್ಲವೂ ಗುರುತು ಬಿಟ್ಟಿವೆ. ಮೂಲರೂಪವೇ ಪ್ರಾಮಾಣ್ಯವೆಂದು ನಾವು ಹಟ ಹಿಡಿದರೆ ಕಳೆದುಕೊಳ್ಳುವುದು ಈ ಸಾಕ್ಷ್ಯವನ್ನು.

ಆದಕಾರಣ ಕಾಲೇಜುಗಳ ಇತಿಹಾಸ ವಿಭಾಗಗಳು ಈ ದಿಕ್ಕಿನಲ್ಲಿ ಕಾರ್ಯಪ್ರವೃತ್ತವಾಗುವುದು ಉಚಿತ. ಆಧಾರಗಳು ಮೂರು. ಮೊದಲನೆಯದು ನೋಂದಣಿಯ ದಾಖಲೆ: ಮಾರ್ಪಾಟಿಗೆ ಒಪ್ಪಿಗೆ ಬೇಕಾಗಿದ್ದ ಕಾಲದ ಪ್ರಮಾಣಪತ್ರಗಳು ಎಂಜಿನಿನ ಬದಲಾವಣೆಯ ತೇದಿಯನ್ನು ಹೇಳಬಲ್ಲವು. ಎರಡನೆಯದು ಕೊಟ್ಟಿಗೆಗಳ ಲೆಕ್ಕದ ಪುಸ್ತಕಗಳೂ ಹಿರಿಯ ಮಿಸ್ತ್ರಿಗಳ ಮಾತೂ. ಮೂರನೆಯದು ಗಾಡಿಯೇ: ಅಚ್ಚೊತ್ತಿದ ಸಂಖ್ಯೆ, ರಿವೆಟ್ಟು ಹೊಡೆದ ಜಾಗಕ್ಕೂ ಬೆಸುಗೆಯ ಜಾಗಕ್ಕೂ ಇರುವ ಭೇದ, ಬಣ್ಣದ ಪದರಗಳು. ಶಾಸನದ ಪಡಿಯಚ್ಚು ತೆಗೆಯುವ ವಿದ್ಯಾರ್ಥಿಗೆ ಇದು ಕಷ್ಟದ ಕೆಲಸವಲ್ಲ. ಇದಕ್ಕೆ ಗಾಡಿಯನ್ನು ರಸ್ತೆಯ ಮೇಲೆ ಓಡಿಸಬೇಕೆಂದೂ ಇಲ್ಲ. ಗುಜರಿಗೆ ಹೋಗುವ ಮುನ್ನ ಒಂದು ದಿನ ಅದರ ಬಳಿ ಕುಳಿತು ಬರೆದುಕೊಂಡರೆ ಸಾಕು. ಲೋಹವನ್ನು ಕರಗಿಸುವ ಕೆಲಸಕ್ಕೆ ಈಗ ವ್ಯವಸ್ಥಿತವಾದ ಕೇಂದ್ರಗಳು ಏರ್ಪಟ್ಟಿವೆ. ಬರೆದುಕೊಳ್ಳುವ ಕೆಲಸ ಅದಕ್ಕಿಂತ ಮುಂಚೆ ಆಗಬೇಕಾಗಿದೆ.